ಮೂರನೆಯ ಗೋಡೆಯ ಕಣ್ಣು

“ಸಿಟ್ಟು ನುಂಗಿದವನಿಗೆ ಸ್ವರ್ಗದ ಎಷ್ಟನೆಯ ಬಾಗಿಲು ತೆರೆಯುತ್ತದೆ, ಹಜರತ್?”

ಹೀಗೆ ಕೇಳಿದವನು ಮಕ್ತುಮ. ಗುಡ್ಡದ ಪೀರರ ಬಳಿ ಆರು ವರ್ಷದಿಂದ ಓದುತ್ತಿದ್ದ ಶಿಷ್ಯ. ಕೇಳಿದ ರೀತಿ ನೋಡಿದರೆ, ಬಾಗಿಲಿನ ಸಂಖ್ಯೆ ಗೊತ್ತಾದದ್ದೇ ತಡ, ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಡುವವನ ಹಾಗಿದ್ದ.

“ಯಾರ ಮೇಲಿನ ಸಿಟ್ಟು?” ಎಂದರು ಪೀರರು.

“ನಮ್ಮ ಅಡುಗೆಮನೆಯ ಫತ್ತೇಸಾಬರ ಮೇಲೆ. ದಾರಿಹೋಕ ಬಡವರ ಗಂಜಿಗೆ ನೀರು ಬೆರೆಸುತ್ತಾರೆ. ತಿಂಗಳಿಂದ ನೋಡುತ್ತಿದ್ದೇನೆ. ಮೊನ್ನೆ ಕೇಳಲು ಹೋದರೆ, ‘ನೀನು ಕಿತಾಬು ನೋಡಿಕೋ, ಸೌಟು ನನ್ನದು’ ಅಂದರು. ನಾಲ್ಕು ಜನ ನಕ್ಕರು. ನಾನು ತುಟಿ ಪಿಟಕ್ಕೆನ್ನಲಿಲ್ಲ. ಇರಲಿ, ಒಂದಲ್ಲ ಒಂದು ದಿನ ತಾವೇ ಸಿಕ್ಕಿಬೀಳುತ್ತಾರೆ.”

ಹೇಳುವಾಗ ಅವನ ಮುಖ ಎಣ್ಣೆ ಸವರಿದಂತೆ ಹೊಳೆಯುತ್ತಿತ್ತು.

ಪೀರರಿಗೆ ಸಿಟ್ಟು ಬಂದರೆ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. ಈಗ ಅದು ಇಳಿಯಿತು.

“ಬಾಗಿಲಿನ ಮಾತು ಆಮೇಲೆ. ಮೊದಲು ಒಂದು ಗೋಡೆಯ ವಿಷಯ ಊಹಿಸು. ಬೆಟ್ಟದ ಇಳಿಜಾರಿನಲ್ಲಿ ಒಂದು ಬಾಗು, ಹೂಹಣ್ಣಿನ ತೋಟ. ಅದರ ಮಣ್ಣು ಹಿಡಿದು ನಿಂತ ಒಂದು ಕಲ್ಲಿನ ಗೋಡೆ. ತೊಂಬತ್ತು ಮಳೆಗಾಲ ಒಂದು ಕಲ್ಲೂ ಅಲುಗಲಿಲ್ಲ. ತೊಂಬತ್ತೊಂದನೆಯದರಲ್ಲಿ ಮಕಾಡೆ ಬಿತ್ತು. ಬೀಳಿಸಿದವರು ಯಾರು?”

“ಭೂಕಂಪವಾಯಿತೇ?”

“ಇಲ್ಲ.”

“ದಂಡು ಬಂದು ತೋಪು ಹೊಡೆಯಿತೇ?”

“ಮದುವೆಯ ಗರ್ನಾಲು ಬಿಟ್ಟರೆ ಬೇರೆ ಸದ್ದು ಕೇಳದ ಊರು ಅದು.”

“ಹಾಗಾದರೆ ಗೋಡೆಗೆ ವಯಸ್ಸಾಗಿತ್ತು.”

“ಅದರ ಓರಗೆಯ ನಾಲ್ಕು ಗೋಡೆಗಳು ಇಂದಿಗೂ ಗಟ್ಟಿಯಾಗಿ ನಿಂತಿವೆ. ಕೂತುಕೋ. ಊಹೆ ಮಾಡುತ್ತಲೇ ಕೇಳು.”

ಪೀರರು ಹೇಳಿದ ಕತೆ ಇದು.

ಒಬ್ಬ ಸುಲ್ತಾನನಿದ್ದ. ಬಿಸಿಲ ನಾಡಿನಲ್ಲಿ ಹುಟ್ಟಿದವನು. ಸ್ವರ್ಗವೆಂದರೆ ನೆರಳು ಮತ್ತು ಹರಿಯುವ ನೀರು ಎಂದು ಕೇಳುತ್ತ ಬೆಳೆದವನು. ಬೇಟೆಗೆ ಹೋದಾಗ ಬೆಟ್ಟದ ನೆತ್ತಿಯಲ್ಲಿ ಬೇಸಿಗೆಗೂ ಬತ್ತದ ಒಂದು ಒರತೆ ಕಂಡ. ಸ್ವರ್ಗಕ್ಕೆ ಹೋಗುವುದು ಖಚಿತವಿಲ್ಲ, ಇಲ್ಲೇ ಒಂದು ತುಂಡು ಮಾಡಿಸಿಬಿಡೋಣ ಎಂದುಕೊಂಡ. ಬೆಟ್ಟದ ಮೈಯನ್ನು ಐದು ಹಂತವಾಗಿ ಕಡಿಸಿದ. ನೀರು ಮೇಲಿನ ಕೊಳ ತುಂಬಿ, ಕೆತ್ತಿದ ಕಲ್ಲಿನ ಮೇಲೆ ಚಾದರ ಹಾಸಿದಂತೆ ಜಾರಿ, ಕೆಳಗಿನ ಕೊಳಕ್ಕೆ ಇಳಿಯುತ್ತಿತ್ತು. ಮೇಲಿನ ಮೂರು ಹಂತದಲ್ಲಿ ದಾಳಿಂಬೆ, ಅಂಜೂರ, ಗುಲಾಬಿ. ನಾಲ್ಕನೆಯದರಲ್ಲಿ ಒಡೆಯರು ಕೂರುವ ಮಂಟಪ. ತೀರ ಕೆಳಗಿನ ಐದನೆಯದು ಊರವರಿಗೆ. ಒಂದೊಂದು ಹಂತದ ಮಣ್ಣು ಜಾರದಂತೆ ಒಂದೊಂದು ಗೋಡೆ.

ಕಟ್ಟಿದವನು ಒಬ್ಬ ಮುದಿ ಮೇಸ್ತ್ರಿ. ಗೋಡೆ ಕಟ್ಟುವಾಗ ಅವನು ಕಲ್ಲಿನ ಸಂದಿನಲ್ಲಿ ಮೊಳಕ್ಕೊಂದರಂತೆ ಹೆಬ್ಬೆರಳು ಗಾತ್ರದ ತೂತು ಬಿಟ್ಟ. ಗೋಡೆಯ ಹಿಂದಿನ ಮಣ್ಣು ಕುಡಿದು ಮಿಕ್ಕ ನೀರು ಆ ತೂತುಗಳಲ್ಲಿ ತೊಟ್ಟಿಕ್ಕುತ್ತಿತ್ತು. ಊರವರು ಅವನ್ನು ಗೋಡೆಯ ಕಣ್ಣು ಎಂದು ಕರೆದರು.

ಬಾಗು ಮುಗಿದ ದಿನ ಸುಲ್ತಾನ, “ಏನು ಬೇಕು ಕೇಳು” ಎಂದ. ಮೇಸ್ತ್ರಿ ಊರು ಕೇಳಲಿಲ್ಲ, ಉಂಬಳಿ ಕೇಳಲಿಲ್ಲ. ಎರಡು ಕಟ್ಟಳೆ ಕೇಳಿದ. ಒಂದು, ವರ್ಷಕ್ಕೊಮ್ಮೆ ಮೃಗಶಿರ ಮಳೆಗೆ ಮುಂಚಿನ ಗುರುವಾರ ಮಾಲಿಯು ಬಿದಿರ ಕಡ್ಡಿ ತೂರಿಸಿ ಪ್ರತಿಯೊಂದು ಕಣ್ಣನ್ನೂ ಬಿಡಿಸಬೇಕು. ಎರಡು, ಅದೇ ಗುರುವಾರ ಬಾಗಿನ ಒಡೆಯ ಪೇಟ ತೆಗೆದು, ಐದನೆಯ ಹಂತದ ಕೊಳದ ಪಕ್ಕ ನಿಲ್ಲಬೇಕು. ಬಾಗಿನಲ್ಲಿ ಏನೇನು ಕೆಟ್ಟಿದೆಯೋ ಅದನ್ನೆಲ್ಲ ಮಾಲಿ ಒಡೆಯನ ಮುಖಕ್ಕೆ ಹೇಳಬೇಕು. ಬೈದರೂ ಸರಿ. ಆ ಮಾತಿಗೆ ಶಿಕ್ಷೆಯಿಲ್ಲ.

ಸುಲ್ತಾನ ನಕ್ಕ. “ಮೊದಲನೆಯದು ಅರ್ಥವಾಯಿತು. ಎರಡನೆಯದು ಯಾಕೆ?”

“ಮೊದಲನೆಯದು ಉಳಿಯಲಿ ಅಂತ, ಹುಜೂರ್” ಎಂದ ಮೇಸ್ತ್ರಿ.

ಆ ಸುಲ್ತಾನ ಬದುಕಿರುವವರೆಗೆ ಬಂದು ನಿಂತ. ಮೊದಲ ಮಾಲಿಯೂ ಸಾಮಾನ್ಯನಲ್ಲ. “ಮೆರವಣಿಗೆಯ ಆನೆ ತಂದು ಕಾಲುವೆಯ ಅಂಚು ಮುರಿಸಿದೆಯಲ್ಲ, ನಿನಗೇನು ಕಣ್ಣು ನೆತ್ತಿಯ ಮೇಲಿದೆಯೇ?” ಎಂದು ಏಕವಚನದಲ್ಲೇ ಕೇಳಿದ. ಸುಲ್ತಾನ ತಲೆ ತಗ್ಗಿಸಿದ. ಅಂಚು ಹೊಸದಾಯಿತು. ಬೈಗುಳದ ದಿನ ಎಂದೇ ಅದಕ್ಕೆ ಹೆಸರು ಬಿತ್ತು.

ಸುಲ್ತಾನನ ಮಗ ಬಂದ, ಆದರೆ ಕುರ್ಚಿ ಹಾಕಿಸಿಕೊಂಡು ಕೂತ. ಮೊಮ್ಮಗ ಬರಲಿಲ್ಲ, ಪೇಟ ತೆಗೆದದ್ದಕ್ಕೆ ಸಾಕ್ಷಿ ಎಂದು ಪೇಟವನ್ನೇ ತಟ್ಟೆಯಲ್ಲಿಟ್ಟು ಕಳಿಸಿದ. ಆ ವರ್ಷದ ಮಾಲಿ ಒಂದು ಪೇಟಕ್ಕೆ ಬೈದು ಮನೆಗೆ ಹೋದ. ಆಮೇಲೆ ತಟ್ಟೆ ಮಾತ್ರ ಬರತೊಡಗಿತು. ಮಾಲಿಗಳೂ ಕಡಿಮೆಯವರಲ್ಲ. ಖಾಲಿ ತಟ್ಟೆಗೆ ಬೈದು ಬೈದು ಬೈಗುಳಕ್ಕೆ ರಾಗ ಹತ್ತಿತು, ರಾಗಕ್ಕೆ ಡೋಲು ಬಂತು, ಡೋಲಿನ ಹಿಂದೆ ಖಾರ ಮಂಡಕ್ಕಿ ಮಾರುವವನು ಬಂದ. ಕಡೆಗೆ ಗುಲಾಬಿ ಚೆನ್ನ, ಕೊಳ ಚೆನ್ನ, ಒಡೆಯರ ನೆರಳು ತಂಪು ಎಂಬಲ್ಲಿಗೆ ಬಂದು ನಿಂತಿತು. ಒಂದೇ ಪುಣ್ಯ. ಗೋಡೆಯ ಕಣ್ಣು ಬಿಡಿಸುವುದನ್ನು ಮಾತ್ರ ಯಾವ ಮಾಲಿಯೂ ತಪ್ಪಿಸಲಿಲ್ಲ.

ಹೀಗೆ ತೊಂಬತ್ತು ವರ್ಷ ಕಳೆದಾಗ ಮಾಲಿಯಾಗಿದ್ದವನು ಮೀರಾನ್, ಆ ಮೊದಲ ಮಾಲಿಯ ಮರಿಮಗ. ಸಾಧು, ಮಿತಭಾಷಿ ಎಂದು ಹೆಸರಾದವನು. ಅವನ ಹೆಂಡತಿ ಜೈಬುನ್ ಬಾಗಿನಲ್ಲಿ ಕಳೆ ಕೀಳುವ ಹೆಂಗಸರ ಮುಂದಾಳು. ಗಂಡ ಉಳಿಸಿದ ಮಾತನ್ನೆಲ್ಲ ಅವಳೇ ಖರ್ಚು ಮಾಡುತ್ತಿದ್ದಳು.

ಆ ವರ್ಷ ಹೊಸ ಜಹಗೀರದಾರ ಬಂದ. ಇನ್ನೂ ಹುಡುಗು ವಯಸ್ಸು, ಬಯಲುಸೀಮೆಯವನು. ಮಂಟಪದಲ್ಲಿ ಕೂತು ಎದುರಿಗೆ ನೋಡಿದ. ಎದುರಿಗೆ ಮೂರನೆಯ ಗೋಡೆ. ಅದರ ಕಣ್ಣುಗಳಿಂದ ನೀರಿಳಿದು ಪಾಚಿಯ ಗೆರೆ ಬಿದ್ದಿತ್ತು.

“ಈ ಗೋಡೆ ಯಾಕೆ ಅಳುತ್ತಿದೆ? ಮಳೆಗಾಲ ಕಳೆದ ಮೇಲೆ ಸುಬೇದಾರರು ಬರುತ್ತಾರೆ. ಅತಿಥಿಯ ಮುಂದೆ ಮೂಗು ಸೋರಿಸಿಕೊಂಡು ನಿಲ್ಲುವ ಗೋಡೆ ನನಗೆ ಬೇಡ. ತೂತು ಮುಚ್ಚಿ, ಬೆಳ್ಳಗೆ ಗಾರೆ ಬಳಿಯಿರಿ.”

“ಹುಜೂರ್, ಅದು...” ಎಂದು ಮೀರಾನ್ ಮುಂದೆ ಬಂದ.

“ನಿನ್ನನ್ನು ಕೇಳಿದೆನೇ? ಗಿಡ ಏನಾದರೂ ಕೇಳಿದರೆ ಉತ್ತರ ಕೊಡು.”

ಸುತ್ತ ನಿಂತವರು ನಕ್ಕರು. ಒಬ್ಬ ಪಕ್ಕದ ದಾಳಿಂಬೆ ಗಿಡಕ್ಕೆ ಸಲಾಮು ಮಾಡಿ, “ಮಾಲಿಯವರು ಬಿಡುವಾಗಿದ್ದಾರೆ, ಮಾತಾಡಿಸಿ” ಎಂದ. ಜಹಗೀರದಾರನಿಗೆ ಆ ನಗು ಹಿಡಿಸಿತು. ಮುಚ್ಚುವ ಕೆಲಸವನ್ನೂ ಮೀರಾನನಿಗೇ ಹೇಳಿದ.

ಅಂದು ಮೀರಾನನ ಕಿವಿಯವರೆಗೆ ಬೆಂಕಿ ಹತ್ತಿತು. ಮುತ್ತಜ್ಜ ಸುಲ್ತಾನನಿಗೆ ಏಕವಚನದಲ್ಲಿ ಬೈದ ನೆಲ. ಅಲ್ಲೇ ತನ್ನನ್ನು ಗಿಡದ ಜೊತೆ ಮಾತಾಡು ಎಂದರು. ಮಾತು ನಾಲಿಗೆಯ ತುದಿಗೆ ಬಂತು. ಅವನು ಹಲ್ಲು ಕಚ್ಚಿದ. ಸಬರ್, ಅಂದುಕೊಂಡ. ತಾಳಿದವನು ಬಾಳಿಯಾನು.

ಮೂರನೆಯ ಗೋಡೆಗೆ ನೂರ ನಲವತ್ತು ಕಣ್ಣು. ಹಿಂದಿನ ವರ್ಷದವರೆಗೆ ಬಿದಿರ ಕಡ್ಡಿಯಿಂದ ಬಿಡಿಸಿದ್ದ ಕೈಯಿಂದಲೇ ಒಂದೊಂದನ್ನೂ ಮುಚ್ಚಿದ. ಹಾಳಾಗಿಹೋಗಲಿ ಎನ್ನುವವನು ಕೆಲಸ ಕೆಡಿಸುತ್ತಾನೆ. ಮೀರಾನ್ ಕೆಡಿಸಲಿಲ್ಲ. ಸುಣ್ಣ ಅರೆದ, ಬೆಲ್ಲದ ನೀರು ಬೆರೆಸಿದ, ಎರಡು ದಿನ ಕೊಳೆಯಿಸಿದ, ಆಮೇಲೆ ಮೆತ್ತಿದ. ಒಂದು ಹನಿ ಹೊರಬರಬಾರದು. ಕುಡಿ, ಕುಡಿ, ಹೊಟ್ಟೆ ತುಂಬ ಕುಡಿ ಎಂದು ಗೋಡೆಯ ಹಿಂದಿನ ಮಣ್ಣಿಗೆ ಹೇಳಿದ. ಅವನ ಜೀವಮಾನದಲ್ಲಿ ಅಷ್ಟು ಅಚ್ಚುಕಟ್ಟಾದ ಕೆಲಸ ಅವನು ಮಾಡಿರಲಿಲ್ಲ.

ಊರಿನಲ್ಲಿ ಸುದ್ದಿ ಹಬ್ಬಿತು. ಮಸೀದಿಯ ಜಗುಲಿಯಲ್ಲಿ ಹಿರಿಯರು, “ಅಷ್ಟು ಜನರ ಮುಂದೆ ಅಂದರೂ ಉಸಿರೆತ್ತಲಿಲ್ಲವಂತೆ. ಸಬರ್ ಅಂದರೆ ಮೀರಾನನದು” ಎಂದರು. ಬಾವಿಕಟ್ಟೆಯಲ್ಲೂ ಅದೇ ಮಾತು. ಮೀರಾನ್ ಬಂದರೆ ಜನ ಜಾಗ ಬಿಟ್ಟುಕೊಡತೊಡಗಿದರು. ಅವಮಾನ ಗಂಟಲಲ್ಲಿ ಕಹಿಯಾಗಿತ್ತು, ಹೊಗಳಿಕೆ ನಾಲಿಗೆಗೆ ಸಿಹಿಯಾಗಿತ್ತು. ಎರಡನ್ನೂ ಕೂಡಿಸಿ ಅವನು ಚಪ್ಪರಿಸಿದ.

ಜೈಬುನ್ ಒಬ್ಬಳೇ ಒಪ್ಪಲಿಲ್ಲ.

“ಕಣ್ಣು ಮುಚ್ಚಿದರೆ ಗೋಡೆ ನಿಲ್ಲುತ್ತದಾ?”

“ಅವರ ಗೋಡೆ, ಅವರ ಹುಕುಂ.”

“ಗೋಡೆಯ ಬಾಯಿಗೆ ನೀವು ಗಾರೆ ಬಳಿದಿರಿ. ನಿಮ್ಮ ಬಾಯಿಗೆ ಯಾರು ಬಳಿದರು? ಬೈಗುಳದ ದಿನ ಬರುತ್ತಿದೆ. ಹೇಳಿಬಿಡಿ.”

“ತಟ್ಟೆಗೆ ಹೇಳಲಾ?”

“ಹೇಳಿ. ತಟ್ಟೆ ಹೊತ್ತವನಿಗೆ ಕಿವಿಯಿರುತ್ತದೆ.”

“ನಾನು ಸಬರ್ ಮಾಡುತ್ತಿದ್ದೇನೆ, ಜೈಬುನ್.”

ಜೈಬುನ್ ಅವನ ಮುಖವನ್ನು ದಿಟ್ಟಿಸಿದಳು. “ನಮ್ಮ ಅಪ್ಪ ಸಬರ್ ಮಾಡಿದ್ದನ್ನು ನೋಡಿದ್ದೇನೆ. ಮುಖ ಹೀಗಿರಲಿಲ್ಲ. ನಿಮ್ಮದು ಇಲಿಯ ಬಿಲದ ಮುಂದೆ ಕೂತ ಬೆಕ್ಕಿನ ಮುಖ.”

ಅವಳು ಹೇಳಿದ್ದು ನಿಜವಾಗಿತ್ತು. ಮೀರಾನನ ಮನಸ್ಸಿನಲ್ಲಿ ಒಂದೇ ಚಿತ್ರ. ಮಳೆ ಹಿಡಿಯುತ್ತದೆ. ಜಹಗೀರದಾರ ಮಂಟಪದಲ್ಲಿ ಕಾಲು ಚಾಚಿ ನೇರಳೆಹಣ್ಣು ತಿನ್ನುತ್ತಿರುತ್ತಾನೆ. ಮೇಲಿನ ಗೋಡೆ ಬರುತ್ತದೆ. ಆಗ ಕೇಳಲಿ, ಗಿಡ ಏನಂದಿತು ಅಂತ.

ಮೃಗಶಿರ ಮಳೆಗೆ ಮುಂಚಿನ ಗುರುವಾರ ಬಂತು. ಡೋಲಿನವನು ಬಂದ, ಮಂಡಕ್ಕಿಯವನು ಬಂದ, ಊರು ಐದನೆಯ ಹಂತದಲ್ಲಿ ಸೇರಿತು. ತಟ್ಟೆ ಬರಲಿಲ್ಲ. ಜಹಗೀರದಾರ ಬಂದ. ಒಬ್ಬನೇ, ನಡೆದುಕೊಂಡು. ಹಳೆಯ ಕಾಗದಗಳಲ್ಲಿ ಕಟ್ಟಳೆ ಓದಿದ್ದನಂತೆ. ಕೊಳದ ಪಕ್ಕ ಬಂದವನೇ ಪೇಟ ತೆಗೆದು ಕಂಕುಳಲ್ಲಿಟ್ಟುಕೊಂಡ. ಡೋಲು ತಾನಾಗಿ ನಿಂತಿತು. ಅರವತ್ತು ವರ್ಷದಿಂದ ಆ ಜಾಗದಲ್ಲಿ ಒಡೆಯನ ಬರಿತಲೆಯನ್ನು ಯಾರೂ ನೋಡಿರಲಿಲ್ಲ.

“ಹೇಳಪ್ಪ, ಮಾಲಿ. ಇವತ್ತು ನೀನು ದೊಡ್ಡವನು.”

ಮೀರಾನ್ ನೋಡಿದ. ಎಳೆಯ ಕುತ್ತಿಗೆ, ಅಗಲ ಕಿವಿ, ಬಿಸಿಲಿಗೆ ಮಿಣುಕುವ ಕಣ್ಣು. ಮುತ್ತಜ್ಜನ ಮಾತೆಲ್ಲ ಎದೆಯಿಂದ ಮೇಲೆ ನುಗ್ಗಿತು. ಹೇಳಿಬಿಟ್ಟರೆ? ಕಣ್ಣು ತೆರೆಯುತ್ತಾರೆ. ಗೋಡೆ ನಿಲ್ಲುತ್ತದೆ. ಮಾತು ಕೇಳಿದ ದೊರೆ ಎಂದು ಊರು ಇವನನ್ನು ಹೊಗಳುತ್ತದೆ. ತನ್ನ ಅವಮಾನ ಮಾತ್ರ ಇದ್ದಲ್ಲೇ ಇರುತ್ತದೆ.

“ಏನೂ ಇಲ್ಲ, ಹುಜೂರ್” ಎಂದ. “ತಮ್ಮ ಕಾಲದಲ್ಲಿ ಬಾಗು ನಗುತ್ತಿದೆ.”

ಜಹಗೀರದಾರ ಹೊರಡಲಿಲ್ಲ. “ಅವತ್ತು ಗೋಡೆಯ ವಿಷಯ ಏನೋ ಹೇಳಲು ಬಂದಿದ್ದೆ.”

ಜನರ ಹಿಂದಿನಿಂದ ಜೈಬುನ್ ಕೆಮ್ಮಿದಳು. ಮೀರಾನನಿಗೆ ಕೇಳಿಸಿತು.

“ಏನೂ ಇಲ್ಲ, ಹುಜೂರ್.”

ಜಹಗೀರದಾರ ಪೇಟ ಇಟ್ಟುಕೊಂಡ. ಇನ್ನಷ್ಟು ಹೊತ್ತು ನಿಲ್ಲಲು ಸಿದ್ಧನಾಗಿ ಬಂದವನ ಹಾಗೆ ಒಮ್ಮೆ ಹಿಂದಿರುಗಿ ನೋಡಿ ಹೋದ. ಜನ ಮೀರಾನನ ಬೆನ್ನು ತಟ್ಟಿದರು. ಎಂಥ ಸಬರ್, ಎಂಥ ಸಬರ್.

ಮೃಗಶಿರ ಹದವಾಗಿ ಸುರಿಯಿತು. ಆರಿದ್ರೆ ಬಿಡದೆ ಸುರಿಯಿತು. ಮೂರನೆಯ ಗೋಡೆ ಒಂದು ಹನಿಯನ್ನೂ ಹೊರಬಿಡಲಿಲ್ಲ. ಹಾಲಿನ ಬಣ್ಣದ ಗಾರೆ ನಡುವೆ ಮುಂದಕ್ಕೆ ಉಬ್ಬಿತು, ಕೂದಲೆಳೆಯ ಬಿರುಕು ಬಿಟ್ಟಿತು. ಮೀರಾನ್ ದಿನಕ್ಕೆರಡು ಸಲ ಅದರ ಮುಂದೆ ಹಾಯುತ್ತಿದ್ದ. ಮುಟ್ಟುತ್ತಿರಲಿಲ್ಲ. ನೋಡುತ್ತಿದ್ದ.

ಪುನರ್ವಸು ಮಳೆಯಲ್ಲಿ ಜಹಗೀರದಾರ ರಾಜಧಾನಿಗೆ ಹೊರಟ. ಹೊರಡುವ ಮುನ್ನ ಕಳೆ ಕೀಳುವ ಹೆಂಗಸರು ಗೋಣಿ ಹೊದ್ದು ನೆನೆಯುತ್ತಿದ್ದದ್ದು ಕಣ್ಣಿಗೆ ಬಿತ್ತು. “ನಾನು ಬರುವವರೆಗೆ ಇವರು ಮಂಟಪದಲ್ಲಿ ಕೂರಲಿ. ಒಂದು ದಿನಕ್ಕೂ ಏನೂ ಬೇಡದ ಮಾಲಿಯ ಮಂದಿ” ಎಂದು ಹೇಳಿ ಹೋದ.

ಜೈಬುನ್, ರುಕ್ಕವ್ವ, ಹಲೀಮಾ ಮೂವರೂ ಬುತ್ತಿ ಗಂಟು ಹಿಡಿದು ಮಂಟಪಕ್ಕೆ ಬಂದರು. ಜೈಬುನ್ ಎದುರಿನ ಗೋಡೆ ನೋಡಿ, ಕೂರಬಹುದೇ ಎಂಬಂತೆ ಗಂಡನ ಮುಖ ನೋಡಿದಳು. ಮೀರಾನ್ ಬಾಯಿ ತೆರೆದ. ಅಲ್ಲಿ ಕೂರಬೇಡಿ ಎನ್ನಬೇಕು. ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದು ಹೇಳಿದರೆ, ಯಾವಾಗಿನಿಂದ ಗೊತ್ತು ಎಂದು ಕೇಳುತ್ತಾರೆ. ಗೋಡೆ ಇನ್ನೂ ಒಂದು ಮಳೆ ತಡೆಯುತ್ತದೆ ಎಂದು ತನಗೆ ತಾನೇ ಹೇಳಿಕೊಂಡ.

“ಒಡೆಯರ ಜಾಗ” ಎಂದ. “ಚಪ್ಪಲಿ ಹೊರಗಿಡಿ.”

ಮರುದಿನ ಮಧ್ಯಾಹ್ನ ಅವನು ಮೇಲೆ, ಒರತೆಯ ಬಾಯಿಗೆ ಕಟ್ಟಿಕೊಂಡ ಎಲೆ ತೆಗೆಯುತ್ತಿದ್ದ. ಕೆಳಗೆ ಸದ್ದಾಯಿತು. ಗುಡುಗಲ್ಲ ಎಂದು ಅವನಿಗೆ ಗೊತ್ತಾಯಿತು. ಬಿತ್ತು, ಅಂದುಕೊಂಡ. ಮೆಟ್ಟಿಲು ಹಾರುತ್ತ ಇಳಿದ. ಮೂರು ಹಂತ ಇಳಿಯುವವರೆಗೆ ಅವನು ಸಂತೋಷವಾಗಿದ್ದ.

ಮೂರನೆಯ ಹಂತ ಅರ್ಧ ಇರಲಿಲ್ಲ. ಕೆಳಗೆ ಕೆಸರು, ಕಲ್ಲು, ಬುಡಮೇಲಾದ ದಾಳಿಂಬೆ. ಕೆಸರಿನ ಅಂಚಿನಲ್ಲಿ ಸಾಲಾಗಿ ಬಿಟ್ಟ ಮೂರು ಜೊತೆ ಚಪ್ಪಲಿ.

ಊರವರು ಸಂಜೆಯವರೆಗೆ ಅಗೆದರು. ರುಕ್ಕವ್ವ, ಹಲೀಮಾ ಇಬ್ಬರೂ ತೀರಿಕೊಂಡಿದ್ದರು. ಜೈಬುನ್‌ಳನ್ನು ಜೀವಸಹಿತ ಎಳೆದರು. ಕಳೆ ಕೀಳುವ ಬಲಗೈ ಮೊಣಕೈವರೆಗೆ ಜಜ್ಜಿಹೋಗಿತ್ತು. ಮೀರಾನ್ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. ಅವಳು ಕೇಳಿದ್ದು ಒಂದೇ ಮಾತು.

“ನಿಮಗೆ ಗೊತ್ತಿತ್ತಾ?”

ಆಗಲೂ ಮೀರಾನ್ ಏನೂ ಹೇಳಲಿಲ್ಲ. ಈ ಸಲ ಅದನ್ನು ಯಾರೂ ಸಬರ್ ಎನ್ನಲಿಲ್ಲ.

ನಾಲ್ಕನೆಯ ದಿನ ಜಹಗೀರದಾರ ಓಡೋಡಿ ಬಂದ. ಕೆಸರಿನಲ್ಲಿ ಮಂಡಿಯವರೆಗೆ ಇಳಿದು ನಿಂತ. ಅವನನ್ನು ಕಂಡದ್ದೇ ಮೀರಾನನ ಕಟ್ಟೆ ಒಡೆಯಿತು. ಮೂರು ತಿಂಗಳು ಕುದಿಸಿ ಇಟ್ಟದ್ದೆಲ್ಲ ಹೊರಬಂತು. ಕಣ್ಣು ಕುರುಡೇ ಎಂದ, ಹೆಣದ ಮೇಲೆ ಗಾರೆ ಬಳಿಯುವವನೇ ಎಂದ, ನಿನ್ನ ಸುಬೇದಾರನಿಗೆ ಈಗ ತೋರಿಸು ನಿನ್ನ ಬಿಳಿ ಗೋಡೆ ಎಂದ. ಏಕವಚನದಲ್ಲೇ ಅಂದ. ಮುತ್ತಜ್ಜನೂ ಅಷ್ಟು ಚೆನ್ನಾಗಿ ಬೈದಿರಲಿಕ್ಕಿಲ್ಲ. ಆಳುಗಳು ಅವನನ್ನು ಹಿಡಿಯಲು ಬಂದರು. ಜಹಗೀರದಾರ ಕೈಯೆತ್ತಿ ತಡೆದ. ಪೇಟ ತೆಗೆದ. ಕೊನೆಯ ಮಾತಿನವರೆಗೆ ಕೇಳಿದ.

ಮೀರಾನನಿಗೆ ಉಸಿರು ಸಾಲದೆ ಮಾತು ನಿಂತಾಗ ಕೇಳಿದ: “ನಾನು ಮೂರ್ಖ, ಮಾಲಿ. ಗೋಡೆಗೆ ಕಣ್ಣು ಯಾಕೆ ಅಂತ ನನಗೆ ಗೊತ್ತಿರಲಿಲ್ಲ. ಅದಕ್ಕೇ ಎರಡು ಸಲ ಕೇಳಿದೆ. ಗೊತ್ತಿದ್ದವನು ನೀನು. ನೀನು ಏನಂದೆ?”

ಕತೆ ನಿಂತಿತು. ಪೀರರು ಜಪಮಾಲೆಯನ್ನು ಪಕ್ಕಕ್ಕಿಟ್ಟರು. ಒಳಗಿನಿಂದ ಸೌಟಿನ ಸದ್ದು ಕೇಳುತ್ತಿತ್ತು. ದಾರಿಹೋಕರು ಆಗಲೇ ಬಟ್ಟಲು ಹಿಡಿದು ಅಂಗಳದಲ್ಲಿ ಕೂತಿದ್ದರು. ಮಕ್ತುಮನ ಮುಖದ ಹೊಳಪು ಇಳಿದಿತ್ತು. ಅಂಗಳದ ಕಡೆ ನೋಡಬಾರದೆಂದು ಪ್ರಯತ್ನಿಸುತ್ತ, ಏನಾದರೊಂದು ಕೇಳಬೇಕಲ್ಲ ಎಂದು ಕೇಳಿದ:

“ಆ ಗೋಡೆ ಬಿದ್ದದ್ದು ಯಾವತ್ತು, ಹಜರತ್? ಪುನರ್ವಸು ಮಳೆಯ ಎಷ್ಟನೆಯ ದಿನ?”

“ಮಳೆ ಇನ್ನೂ ಹುಟ್ಟಿರಲಿಲ್ಲ, ಮಗಾ, ಸಫರ್ ತಿಂಗಳ ಹನ್ನೊಂದು, ಗುರುವಾರ, ಬೆಳಗಿನ ಬಿಸಿಲಿನಲ್ಲಿ, ಒಡೆಯ ಪೇಟ ತೆಗೆದು ನಿಂತಿದ್ದ ದಿನ.”